ಒಂದೇ ಗಂಟಿನ ಎರಡು ಅಂಗಿ

"ಕೇಳ್ರಪ್ಪೋ ಕೇಳಿ! ಕೋಟೆಯೊಳಗೆ ಒಬ್ಬ ದ್ರೋಹಿ ಇದ್ದಾನೆ. ದೊರೆಗಳ ಮೂರು ಒಗಟು ಬಿಡಿಸಿ ಅವನನ್ನು ತೋರಿಸಿದವನಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವನ ತಲೆ ಹೋಗುತ್ತದೆ!"

ಹೀಗೆ ಡಂಗುರ ಹೊಡೆಸಿದವನು ಕಲ್ಲುಹೊಳೆಯ ಪಾಳೆಯಗಾರ ಗಿಡ್ಡಪ್ಪನಾಯಕ. ಆ ಕಡೆ ಇಂಗ್ಲಿಷರು, ಈ ಕಡೆ ಫ್ರೆಂಚರು, ಇಬ್ಬರೂ ನಮ್ಮ ಜೊತೆ ಸೇರು ಅನ್ನುವವರೇ. ನಾಯಕನಿಗೋ ತನ್ನ ನೆರಳಿನ ಮೇಲೂ ಗುಮಾನಿ. ಹೊಳೆಯಲ್ಲಿ ಫ್ರೆಂಚರ ನೀಲಿ ಅಂಗಿ ಒಗೆಯುತ್ತಿದ್ದ ಅಗಸರ ಸಿಂಗನನ್ನು ಕಾವಲಿನವರು ಹಿಡಿದಾಗ, ಮುಖವನ್ನೂ ಅಂಗಿಯನ್ನೂ ನೋಡದೆ ಗಲ್ಲು ಅಂದುಬಿಟ್ಟಿದ್ದ. ಇದು ಯಾರ ಅಂಗಿ ಹೇಳೋ ಎಂದು ಬಡಿದರೂ ಸಿಂಗ ಬಾಯಿ ಬಿಡಲಿಲ್ಲ. ಒಂದು ಮನೆಯ ಬಟ್ಟೆಗಂಟಿನ ಸುದ್ದಿ ಇನ್ನೊಬ್ಬರಿಗೆ ಹೇಳಬಾರದು, ಅದು ಅಗಸರ ಕಟ್ಟು. ಅಂಗಿಯ ಒಡೆಯ ಯಾರೆಂದು ತಿಳಿಯದ್ದಕ್ಕೇ ಈ ಡಂಗುರ.

ಮೊದಲು ದಳವಾಯಿ ಬಂದ.

"ಇಬ್ಬರು ಎದುರುಬದುರು ನಿಂತು ತಿರುಚುತ್ತಾರೆ. ಅವರಿಗೇನೂ ಆಗದು, ನಡುವಿನದರ ಜೀವವೆಲ್ಲ ಸೋರುತ್ತದೆ. ಏನದು?" ಎಂದ ನಾಯಕ.

"ಕುಸ್ತಿ" ಎಂದ ದಳವಾಯಿ. ಎಳೆದೊಯ್ದರು. ಪ್ರಧಾನಿ ಬಂದು "ಯುದ್ಧ" ಎಂದ. ಅವನನ್ನೂ ಎಳೆದೊಯ್ದರು. ಇಬ್ಬರ ತಲೆಗೂ ನಾಳೆ ಬೆಳಗಿನವರೆಗೆ ಗಡುವು.

ಆಮೇಲೆ ಸಿಂಗನ ತಮ್ಮ ಮಾಚ ಕೈಕಟ್ಟಿ ನಿಂತ.

"ಒದ್ದೆ ಬಟ್ಟೆ, ಬುದ್ಧಿ. ನಾನೂ ಅಣ್ಣನೂ ದಿನಾ ಹಿಂಡ್ತೀವಿ. ಆ ಪರದೇಶದವರಿಬ್ಬರೂ ಈಗ ನಮ್ಮ ಸೀಮೇನ ಹಿಡಕೊಂಡು ಹಿಂಡ್ತಾ ಇಲ್ವಾ, ಹಂಗೆ."

ನಾಯಕನ ಹುಬ್ಬು ಗಂಟಾಯಿತು. "ಅನ್ನ ಹಾಕದಿದ್ದರೂ ಬೆಳೆಯುತ್ತದೆ, ಬೆಳೆದ ಮೇಲೆ ಸಾಕಿದವನ ನಿದ್ದೆಯನ್ನೇ ತಿನ್ನುತ್ತದೆ. ಅದೇನು?"

"ಗುಮಾನಿ. ನಿಮ್ಮ ಕಣ್ಣು ನೋಡಿದ್ರೇ ಗೊತ್ತಾಗ್ತದೆ."

ಅಯ್ಯೋ, ಇವನ ನಾಲಗೆಗೆ ಎಲುಬಿಲ್ಲ ಎಂದು ಸಭೆಯೇ ಬೆವರಿತು.

"ಇಬ್ಬರ ಉಪ್ಪು ತಿಂದು, ಇಬ್ಬರಿಗೂ ನಾನು ನಿಮ್ಮವನೇ ಅನ್ನುವವನು ಈ ಕೋಟೆಯಲ್ಲಿ ಯಾರು?"

ಕಿವಿಯಲ್ಲಿ ಹೇಳುತ್ತೇನೆಂದು ಮಾಚ ನಾಯಕನ ಹತ್ತಿರ ಹೋದ.

"ಅಣ್ಣನ ಕೈಲಿ ಸಿಕ್ಕ ನೀಲಿ ಅಂಗಿ, ಹೋದ ವಾರ ನಾನು ಒಗೆದ ಇಂಗ್ಲಿಷರ ಕೆಂಪು ಅಂಗಿ, ಎರಡೂ ಒಂದೇ ಗಂಟಲ್ಲಿ ಬಂದವು. ಎರಡಕ್ಕೂ ಕರಿಗೇರಿನ ರಸದಲ್ಲಿ ಮೂರು ಚುಕ್ಕೆ, ಒಂದು ಗೆರೆ ಹಾಕಿದವನು ನಾನೇ. ಅದು ಅರಮನೆಯ ಗುರುತು, ಬುದ್ಧಿ. ಇಬ್ಬರಿಂದ್ಲೂ ಉಡುಗೊರೆ ಇಸಕೊಂಡವರು ನೀವು. ನಿಮ್ಮ ಗಂಟಿನ ಮಾತು ನಿಮಗೇ ಹೇಳಿದ್ರೆ ಕಟ್ಟು ಮುರಿದಂಗಲ್ಲ."

ನಾಯಕನ ಮುಖ ಸುಣ್ಣವಾಯಿತು. "ಉತ್ತರ ಸರಿ. ಸಿಂಗನನ್ನು ಬಿಡಿ. ದಳವಾಯಿ, ಪ್ರಧಾನಿ ಇಬ್ಬರನ್ನೂ ಬಿಡಿ" ಎಂದ. ದ್ರೋಹಿಯ ಹೆಸರು ಮಾತ್ರ ಹೇಳಲಿಲ್ಲ. ಸಭೆಯವರು ಒಬ್ಬರನ್ನೊಬ್ಬರು ಓರೆಗಣ್ಣಲ್ಲಿ ನೋಡಿಕೊಂಡರು.

"ನಿನಗೇನು ಬೇಕು?"

"ಅಣ್ಣ ಸಿಕ್ಕನಲ್ಲ, ಸಾಕು."

ನಾಯಕ ಬಿಡದೆ ಹೊಳೆದಂಡೆಯ ಹೊಲ ಬರೆದುಕೊಟ್ಟ. ಮಾಚ ಅಣ್ಣನ ತೋಳು ಹಿಡಿದು ಎರಡು ಹೆಜ್ಜೆ ಹೋದವನು ತಿರುಗಿ ಬಂದು ಮೆಲ್ಲಗೆ ಅಂದ:

"ಆ ಎರಡು ಅಂಗೀನೂ ಇನ್ನು ಒಂದೇ ಗಂಟಿಗೆ ಹಾಕಬೇಡಿ, ಬುದ್ಧಿ. ಎರಡೂ ಬಣ್ಣ ಬಿಡ್ತವೆ. ಬಿಳಿ ಪಂಚೆ ಕೆಟ್ಟುಹೋಯ್ತು ಅಂತ ಆಮೇಲೆ ಅಗಸನ್ನ ಗಲ್ಲಿಗೆ ಹಾಕ್ತೀರಿ."