ಶುಕ್ರವಾರದ ಹೊಳೆ

ರೇವಕ್ಕ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಹತ್ತು ದೇಶ ಅಲೆದು, ಕೊನೆಗೆ ಈ ಹೊಳೆಯ ದಂಡೆಯಲ್ಲಿ ಬಂದು ಕೂತಿದ್ದಳು. ಫೋಟೋ ಕಲಿಯಲು ಬಂದವರು ಅವಳ ಮನೆಯಲ್ಲೇ ಉಂಡು, ಪಾತ್ರೆ ತೊಳೆದು, ಬೈಸಿಕೊಂಡು ಕಲಿಯುತ್ತಿದ್ದರು. ಊರವರು ಆ ಮನೆಯನ್ನು ಆಶ್ರಮ ಎನ್ನುತ್ತಿದ್ದರು. ಅರ್ಧ ಗೌರವ, ಅರ್ಧ ಗೇಲಿ.

ಒಂದು ಮಧ್ಯಾಹ್ನ ಶಿಷ್ಯ ತಿಪ್ಪೇಶ ಕಂಪ್ಯೂಟರಿನ ಮುಂದೆ ಕೂತು ಮೇಜು ಗುದ್ದಿದ.

"ಮೇಜು ಏನು ಮಾಡಿತಪ್ಪಾ ನಿನಗೆ?" ರೇವಕ್ಕ ಒಳಗಿನಿಂದಲೇ ಕೇಳಿದಳು.

"ಬನ್ನಿ ಅಕ್ಕಾ, ಈ ಮೋಸ ನೋಡಿ!"

ಸಿಟ್ಟಿಗೆ ಕಾರಣವಿತ್ತು. ಹೊಳೆಯ ಮೇಲ್ಗಡೆ ಇದ್ದ ಬಣ್ಣದ ಕಾರ್ಖಾನೆ ಶುಕ್ರವಾರ ನಸುಕಿನಲ್ಲಿ ಕೊಳೆನೀರು ಬಿಟ್ಟಿತ್ತು. ತಿಪ್ಪೇಶ ಮೊಣಕಾಲುದ್ದ ನೀರಿನಲ್ಲಿ ನಿಂತು ಚಿತ್ರ ತೆಗೆದಿದ್ದ. ಬಿಸಿಲೇರುವಷ್ಟರಲ್ಲಿ ನೀರು ಏನೂ ಆಗದ ಹಾಗೆ ತಿಳಿಯಾಗಿತ್ತು.

ನಾಳೆ ಹನ್ನೊಂದಕ್ಕೆ ಅಧಿಕಾರಿಗಳ ಮುಂದೆ ಊರವರ ದೂರಿನ ವಿಚಾರಣೆ. ಹೋದ ಸಲ ಕೊಟ್ಟ ಫೋಟೋವನ್ನು ಅವರು "ಇದು ತಿದ್ದಿದ್ದು" ಎಂದು ಪಕ್ಕಕ್ಕೆ ತಳ್ಳಿದ್ದರು. ಈ ಸಲವೂ ಅದೇ ಆದರೆ ದೂರು ಮುಚ್ಚಿಬಿಡುತ್ತೇವೆ ಎಂದಿದ್ದರು. ಅದಕ್ಕೇ ತಿಪ್ಪೇಶ ಈ ಬಾರಿ ರಾ ಫೈಲನ್ನೇ ಹಿಡಿದು ತಂದಿದ್ದ. ಕ್ಯಾಮೆರಾದ ಒಳಗೆ ಬಿದ್ದ ಬೆಳಕನ್ನು ಬಿದ್ದ ಹಾಗೇ ಇಟ್ಟುಕೊಂಡ ಹಸಿ ಫೈಲು.

"ತೆರೆದ ಕೂಡಲೇ ಏನಾಗುತ್ತೆ ನೋಡಿ."

ಒತ್ತಿದ. ಹೊಳೆ ಮೂಡಿತು, ಕ್ಯಾಲೆಂಡರಿಗೆ ಹಾಕುವಂಥ ನೀಲಿ ಹೊಳೆ. ಉಸಿರು ಎಳೆದು ಬಿಡುವುದರೊಳಗೆ ಅದು ಕಣ್ಣೆದುರೇ ಕಳೆಗುಂದಿ ಬೂದಿಬಣ್ಣವಾಯಿತು.

"ಮೊದಲು ನೀಲಿ, ಆಮೇಲೆ ಬೂದಿ! ನಾನು ಕಣ್ಣಾರೆ ಕಂಡಿದ್ದು ಕೆಂಪು. ಇದರಲ್ಲಿ ಯಾವುದು ನಿಜ?"

"ಮೊದಲನೆಯದು ಕ್ಯಾಮೆರಾ ತಾನೇ ಅಂದಾಜಿನಲ್ಲಿ ಮಾಡಿ ಫೈಲಿಗೆ ಅಂಟಿಸಿ ಕಳಿಸಿದ ಮಾದರಿ. ಗಿರಾಕಿ ಖುಷಿಯಾಗಲಿ ಅಂತ. ನೀರೆಲ್ಲ ಕೆಂಪಾಗಿದ್ದರೆ, ಬೆಳಕೇ ಕೆಂಪಿರಬೇಕು ಅಂದುಕೊಂಡು ಅದು ಕೆಂಪನ್ನ ಕಳೆದುಬಿಡುತ್ತೆ."

"ಎರಡನೆಯದು?"

"ಅದೇ ಹಸಿ ಫೈಲನ್ನ ಸಾಫ್ಟ್‌ವೇರು ಬೇಯಿಸಿದ್ದು. ಕ್ಯಾಮೆರಾದ ತಪ್ಪು ಹಾಗೇ ಇದೆ, ಉಪ್ಪು ಖಾರ ಮಾತ್ರ ಇಲ್ಲ."

"ಮತ್ತೆ ನಿಜ ಎಲ್ಲಿ?"

"ನನ್ನನ್ನ ಕೇಳ್ತೀಯಲ್ಲೋ! ನೀರಿನಲ್ಲಿ ನಿಂತಿದ್ದವನು ನೀನು."

ತಿಪ್ಪೇಶನಿಗೆ ಅದು ಅಪ್ಪಣೆಯ ಹಾಗೆ ಕೇಳಿಸಿತು. ಪರದೆಯ ಮೇಲಿನ, ಕೆಂಪು ಏರಿಸುವ ಗೆರೆ ಹಿಡಿದು ಎಳೆದ. ಹೊಟ್ಟೆ ಮೇಲಾಗಿ ತೇಲಿದ ಮೀನು ನೆನಪಾಯಿತು, ಇನ್ನಷ್ಟು ಎಳೆದ. ಕಾರ್ಖಾನೆಯ ಗೇಟಿನ ಹತ್ತಿರ ಕಾವಲುಗಾರ ನಕ್ಕಿದ್ದು ನೆನಪಾಯಿತು, ಮತ್ತಷ್ಟು. "ಇದು ತಿದ್ದಿದ್ದು" ಎಂದ ಅಧಿಕಾರಿಯ ಮುಖ ನೆನಪಾದಾಗ ಗೆರೆ ತುದಿ ಮುಟ್ಟಿತು.

ಸಂಜೆಗೆ ಕೂಗಿದ. "ನೋಡಿ ಈಗ!"

ರೇವಕ್ಕ ನೋಡಿದಳು. ಹಿತ್ತಲ ಬಾಗಿಲಿಗೆ ಹೋಗಿ, ದಂಡೆಯಲ್ಲಿ ಹರಿಗೋಲು ಬೋರಲು ಹಾಕುತ್ತಿದ್ದ ಹೊನ್ನೂರವ್ವನನ್ನು ಕರೆದಳು. ಈ ಹೊಳೆಯ ಮೀನಿನಲ್ಲೇ ಮೂರು ಮಕ್ಕಳನ್ನು ಸಾಕಿದವಳು ಅವಳು. ದೂರಿನ ಅರ್ಜಿಯ ಮೇಲೆ ಮೊದಲ ಹೆಬ್ಬೆಟ್ಟು ಅವಳದೇ. ಆ ನೀರಿಗೆ ಮೊಣಕೈವರೆಗೂ ಚರ್ಮ ಸುಲಿದಿತ್ತು.

ಅವಳು ಪರದೆಯನ್ನು ನೋಡಿ ಹಿಂದೆ ಸರಿದಳು. "ಇದೇನ್ ತಮ್ಮಾ, ಕುರಿ ಕೊಯ್ದೀರೇನು?"

"ನಮ್ಮ ಹೊಳೆ, ಹೊನ್ನೂರವ್ವ. ಶುಕ್ರವಾರದ್ದು."

"ಯಾವ ಲೋಕದ ಹೊಳಿ ಇದು?"

"ನೀರು ಕೆಂಪಿತ್ತೋ ಇಲ್ಲೋ? ನೀವೇ ಹೇಳಿ!"

"ಇತ್ತು. ಎಲಿ ಅಡಿಕಿ ತಿಂದು ಬಾಯಿ ಮುಕ್ಕಳಿಸಿದ ನೀರಿನಂಗ ಇತ್ತು. ಹಿಂಗ ಎಲ್ಲಿತ್ತು?" ಅವಳ ದನಿ ಏರಿತು. "ನಾಳಿ ಇದನ್ನ ತೋರಿಸಿ, ಹೌದೇನಬೇ ಅಂತ ಸಾಹೇಬರು ಕೇಳಿದ್ರ ನಾ ಏನನ್ಲಿ? ಹೌದು ಅಂದ್ರ ನಾ ಸುಳ್ಳುಬುರುಕಿ. ಅಲ್ಲ ಅಂದ್ರ ಕಾರ್ಖಾನಿಯವರು ಗೆದ್ರು. ಮೀನು ಸತ್ತದ್ದು ನಂದು, ಕೈ ಸುಟ್ಟದ್ದು ನಂದು. ನಿನ್ನ ಸಿಟ್ಟಿಗೆ ನಾ ಯಾಕ ಸುಳ್ಳು ಹೇಳ್ಲಿ?"

ತಿಪ್ಪೇಶನ ಕಿವಿ ಕಾದವು. "ನಿಮಗೋಸ್ಕರ ನಾನು ಕಣ್ಣು ನೋಯಿಸಿಕೊಂಡು ಕೂತಿದ್ರೆ, ನೀವು ಅವರ ಕಡೆ ಮಾತಾಡ್ತೀರಾ?"

ರೇವಕ್ಕ ಕೈ ಚಾಚಿ ಒಂದು ಗುಂಡಿ ಒತ್ತಿದಳು. ಕೆಂಪೆಲ್ಲ ಒಮ್ಮೆಗೇ ಇಳಿದು ಹೋಯಿತು.

"ಅಕ್ಕಾ! ಮಧ್ಯಾಹ್ನದಿಂದ ಮಾಡಿದ್ದು!"

"ಚೀರಬೇಡ. ಮೂಲ ಎಲ್ಲೂ ಹೋಗಿಲ್ಲ. ಅದರ ಪಕ್ಕದಲ್ಲಿ ನೀನು ಬರೆದಿಟ್ಟ ಹುಕುಂಗಳು ಹೋದವು, ಅಷ್ಟೇ."

ಹಳೆಯ ಬಣ್ಣದ ಜೊತೆಗೆ ಅವನು ಕತ್ತರಿಸಿದ್ದ ಅಂಚೂ ಮರಳಿ ಬಂದಿತ್ತು. ಎಡಮೂಲೆಯಲ್ಲಿ, ಬಂಡೆಯ ಮೇಲೆ, ಒಂದು ಬೆಳ್ಳಕ್ಕಿ.

"ಇದನ್ನ ಯಾಕೆ ಕತ್ತರಿಸಿದ್ದೆ?"

"ಚಿತ್ರ ಕೆಡಿಸ್ತಿತ್ತು. ಅಷ್ಟೊಂದು ಅನ್ಯಾಯದ ಪಕ್ಕದಲ್ಲಿ ಸುಮ್ಮನೆ ನಿಂತಿತ್ತು, ನಾಚಿಕೆಗೆಟ್ಟಿದ್ದು."

"ಅದರ ಬಣ್ಣ ಏನು?"

"ಬಿಳಿ."

"ಇಲ್ಲಿ ನೀಲಿ ಕಾಣ್ತಿದೆ."

"ಕ್ಯಾಮೆರಾದ ತಪ್ಪು. ಬೆಳ್ಳಕ್ಕಿ ಬಿಳಿನೇ ಅಲ್ವಾ?"

"ಕಾರ್ಖಾನೆಯವರನ್ನ ಕೇಳಿದರೆ?"

"ಅವರೂ ಬಿಳಿ ಅಂತಲೇ..." ತಿಪ್ಪೇಶ ಅರ್ಧಕ್ಕೇ ನಿಲ್ಲಿಸಿದ.

"ಹಾಗಾದರೆ ಸಾಫ್ಟ್‌ವೇರಿಗೂ ಅಷ್ಟೇ ಹೇಳು. ಇದು ಬಿಳಿ ಅಂತ. ಉಳಿದದ್ದನ್ನ ಅದೇ ಲೆಕ್ಕ ಹಾಕಲಿ."

ಯಾವುದು ಬಿಳಿ ಎಂದು ತೋರಿಸಿಕೊಡಲು ಅದರಲ್ಲೊಂದು ಸಲಕರಣೆ ಇತ್ತು. ಅದನ್ನೆತ್ತಿ ಅವನು ಹಕ್ಕಿಯ ಬೆನ್ನಿನ ಮೇಲೆ ಒತ್ತಿದ.

ಬೆಳ್ಳಕ್ಕಿ ಬೆಳ್ಳಗಾಯಿತು. ಬಂಡೆ ಕಪ್ಪಾಯಿತು. ನೀರು ಬೂದಿ ಕಳಚಿಕೊಂಡು ತೆಳ್ಳಗೆ, ಹೊಲಸಾಗಿ ಕೆಂಪಾಯಿತು.

ಹೊನ್ನೂರವ್ವ ಬಗ್ಗಿ ನೋಡಿದಳು. "ಹ್ಞಾಂ. ಇದು ನಮ್ಮ ಹೊಳಿ. ಇದಕ್ಕ ಹೌದಂತೀನಿ." ತಿಪ್ಪೇಶನ ಮುಖವನ್ನೂ ನೋಡದೆ ಹರಿಗೋಲಿನ ಕಡೆ ನಡೆದಳು.

"ನಾಳೆ ರಾ ಫೈಲನ್ನೇ ಅಧಿಕಾರಿಗಳ ಕೈಗೆ ಕೊಡು," ಎಂದಳು ರೇವಕ್ಕ. "ಅವರೇ ಹಕ್ಕಿಯ ಮೇಲೆ ಒತ್ತಿ ನೋಡಲಿ."

ತಿಪ್ಪೇಶ ಚಿತ್ರವನ್ನೇ ದಿಟ್ಟಿಸಿದ. ಹಲ್ಲು ಕಚ್ಚಿದ.

"ಎಷ್ಟು ಪೇಲವ ಅಕ್ಕಾ! ನೋಡಿದವರಿಗೆ ಸಿಟ್ಟೇ ಬರಲ್ಲ. ಒಂಚೂರು ಏರಿಸ್ತೀನಿ. ಕೂದಲೆಳೆಯಷ್ಟು. ಯಾರಿಗೂ ಗೊತ್ತಾಗಲ್ಲ."

ಅವನ ಬೆರಳು ಮತ್ತೆ ಗೆರೆಯ ಕಡೆ ಹೋಯಿತು. ರೇವಕ್ಕ ಮಣಿಕಟ್ಟು ಹಿಡಿದಳು. ನೋಯುವಷ್ಟು ಬಿಗಿಯಾಗಿ. ಆ ಹಿಡಿತದಲ್ಲಿ ತನ್ನದಕ್ಕಿಂತ ದೊಡ್ಡ ಸಿಟ್ಟಿದೆ ಎಂದು ತಿಪ್ಪೇಶನಿಗೆ ಆಗಲೇ ತಿಳಿದದ್ದು.

"ಈ ಹೊಳೆಗೆ ಬಣ್ಣ ಸುರಿಯೋಕೆ ಕಾರ್ಖಾನೆಯವರೊಬ್ಬರೇ ಸಾಕು, ತಿಪ್ಪೇಶ."