ಮೂವರು ಉಣಿಸಿದ ಹುಡುಗಿ

"ಗುರುಗಳೇ, ನನ್ನ ತರಗತಿಯಲ್ಲಿ ಒಬ್ಬ ಹುಡುಗ ಬಾಯಿಯೇ ಬಿಡುವುದಿಲ್ಲ. ನನ್ನ ಪಾಠದಲ್ಲಿ ಕೊರತೆಯಿಲ್ಲ. ಆದರೂ ಶಾಲೆಯ ಹಿರಿಯರು ಉಳಿದ ಉಪಾಧ್ಯಾಯರೊಡನೆ ಕೂತು ಮಾತಾಡು ಅನ್ನುತ್ತಾರೆ. ನನ್ನ ಕೆಲಸ ನಾನು ನೆಟ್ಟಗೆ ಮಾಡಿದರೆ ಸಾಲದೇ?" ಎಂದು ಶಾಲೆಯಲ್ಲಿ ಪಾಠ ಹೇಳುವ ಶಿಷ್ಯನೊಬ್ಬ ಕೇಳಿದ.

ಗುರು ಕತೆ ಹೇಳಿದರು.

ಒಂದು ಪಾಠಶಾಲೆ. ಅಕ್ಷರಕ್ಕೊಬ್ಬ ಉಪಾಧ್ಯಾಯ, ಲೆಕ್ಕಕ್ಕೊಬ್ಬ, ಅಡುಗೆಗೆ ಒಬ್ಬಾಕೆ. ಮೂವರೂ ಒಳ್ಳೆಯವರೇ. ಅಲ್ಲಿ ಒಬ್ಬ ಹುಡುಗಿ ಪಾಠದ ನಡುವೆ ತೂಕಡಿಸತೊಡಗಿದಳು. ಹೀಗೇ ಆದರೆ ಶಾಲೆ ಬಿಡಿಸಿ ದನ ಕಾಯಲು ಕಳಿಸುತ್ತೇನೆ ಎಂದ ಅವಳ ತಂದೆ.

ಅಕ್ಷರದ ಉಪಾಧ್ಯಾಯನಿಗೆ ಮರುಕವಾಯಿತು. ತಾಯಿ ಬಾಣಂತಿ, ಮನೆಯಲ್ಲಿ ಬೇಯಿಸುವವರಿಲ್ಲ, ಮಗು ಹಸಿದಿದೆ ಎಂದುಕೊಂಡ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದಲ್ಲ. ಯಾರಿಗೂ ಹೇಳದೆ ದಿನಾ ಬೆಳಗ್ಗೆ ಅವಳಿಗೆ ಬೆಲ್ಲದ ಅವಲಕ್ಕಿ ತಿನ್ನಿಸಿದ. ತೂಕಡಿಕೆ ಹೆಚ್ಚಿತು. ಪಾಪ, ಸಾಲಲಿಲ್ಲ ಎಂದು ಇನ್ನೊಂದು ಹಿಡಿ ಹಾಕಿದ. ಹುಡುಗಿ ಗೊರಕೆ ಹೊಡೆದಳು.

ಕೊನೆಗೆ ತಂದೆ ಅವಳನ್ನು ಕರೆದೊಯ್ಯಲು ಬಾಗಿಲಿಗೆ ಬಂದ. ಉಪಾಧ್ಯಾಯ ತಡೆಯಲಾರದೆ ಹೇಳಿಬಿಟ್ಟ. "ಸ್ವಲ್ಪ ತಾಳಪ್ಪಾ. ನಾನು ದಿನಾ ಅವಲಕ್ಕಿ ಕೊಡುತ್ತಿದ್ದೇನೆ. ಶಕ್ತಿ ಬರುತ್ತದೆ."

"ಅವಲಕ್ಕಿಯೇ?" ಎಂದ ಲೆಕ್ಕದ ಉಪಾಧ್ಯಾಯ. "ಅದರ ಬೆನ್ನಿಗೇ ನಾನು ಕಡುಬು ಕೊಡುತ್ತಿದ್ದೆನಲ್ಲ!"

ಅಡುಗೆಯಾಕೆ ಹಣೆ ಚಚ್ಚಿಕೊಂಡಳು. "ಅಯ್ಯೋ ನಿಮ್ಮ ಜಾಣತನವೇ! ನಾನು ಮುದ್ದೆಯ ಮೇಲೆ ಮುದ್ದೆ ಇಕ್ಕಿದೆನಲ್ಲ. ಇದು ಮಗುವೋ, ಕಣಜವೋ?"

ಆಗ ಮೊದಲ ಸಲ ಹುಡುಗಿಯನ್ನೇ ಕೇಳಿದರು.

"ಹಸಿವಿಲ್ಲ ಗುರುಗಳೇ. ತಮ್ಮ ರಾತ್ರಿಯೆಲ್ಲ ಅಳುತ್ತಾನೆ. ತೊಟ್ಟಿಲು ತೂಗಬೇಕು."

"ಮತ್ತೆ ತಿಂದೆಯೇಕೆ?"

"ನೀವು ಕೊಟ್ಟದ್ದನ್ನು ಬೇಡ ಅನ್ನಬಾರದಲ್ಲ."

ಎಲ್ಲರೂ ನಕ್ಕರು. ತಂದೆ ಮಾತ್ರ ತಲೆ ಕೆರೆದುಕೊಂಡು, ಇನ್ನು ತೊಟ್ಟಿಲು ನನ್ನ ಪಾಲಿಗಿರಲಿ ಎಂದ. ಅಡುಗೆಯಾಕೆ ಒಲೆಮನೆಯ ಮೂಲೆಯಲ್ಲಿ ಚಾಪೆ ಹಾಸಿದಳು. ಹುಡುಗಿ ಬೆಳಗ್ಗೆ ಒಂದಿಷ್ಟು ಮಲಗಲೆಂದು ಲೆಕ್ಕದವನು ತನ್ನ ಪಾಠವನ್ನು ಮಧ್ಯಾಹ್ನಕ್ಕೆ ಸರಿಸಿದ. ಅದಕ್ಕಾಗಿ ಅಕ್ಷರದವನು ತನ್ನ ಮಧ್ಯಾಹ್ನದ ಹೊತ್ತಿನಲ್ಲಿ ಅರ್ಧ ಬಿಟ್ಟುಕೊಟ್ಟ. ಸುಗ್ಗಿಯ ವೇಳೆಗೆ ಅವಳು ತಡವರಿಸದೆ ಓದಿದಳು.

ಶಿಷ್ಯ ನಕ್ಕ. "ಕತೆ ಚೆನ್ನಾಗಿದೆ. ಆದರೆ ನನ್ನ ಹುಡುಗ ತೂಕಡಿಸುವುದಿಲ್ಲ. ಮಾತಾಡುವುದಿಲ್ಲ, ಅಷ್ಟೇ."

"ಪಕ್ಕದ ಕೋಣೆಯ ಉಪಾಧ್ಯಾಯರೊಡನೆ ಮಾತಾಡುತ್ತಾನೋ?" ಎಂದರು ಗುರು.

ಶಿಷ್ಯ ಅದನ್ನು ಕೇಳಿ ತಿಳಿಯಲು ಶಾಲೆಯತ್ತ ಹೊರಟ.