ಹೊಡೆತಕ್ಕೆ ಮುಂಚಿನ ಉಸಿರು

"ಮೇಷ್ಟ್ರೇ, ಭಾರದ ಕೈಯನ್ನೇ ನಂಬಿ ಆಡಿದವರು, ತಮ್ಮನ್ನು ಒಮ್ಮೆ ಸೋಲಿಸಿದವರ ಎದುರು ಮತ್ತೆ ನಿಲ್ಲುವಾಗ ತಮ್ಮ ಆಟ ಬದಲಿಸಿಕೊಳ್ಳಬಹುದಾ?"

ಮೇನಕಾ ಈ ಪ್ರಶ್ನೆಯನ್ನು ಗುರುಗಳ ಮುಖ ನೋಡದೆ ಕೇಳಿದಳು. ಅಭ್ಯಾಸ ಮುಗಿದಿತ್ತು. ಬೆಂಚಿನ ಮೇಲೆ ಕೂತು ಕೈಗೆ ಸುತ್ತಿದ ಬಟ್ಟೆಪಟ್ಟಿಯನ್ನು ಬಿಚ್ಚುತ್ತಿದ್ದಳು. ಅವಳ ಬಲಗೈ ಗುದ್ದು ಸರಿಯಾಗಿ ಬಿದ್ದರೆ ಎದುರಿನವರು ಏಳುವುದು ಕಷ್ಟ ಎಂದು ಆ ಬಾಕ್ಸಿಂಗ್ ಶಾಲೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೆ ಹಿಂದಿನ ಪಂದ್ಯದಲ್ಲಿ ಕಾರವಾರದ ಹುಡುಗಿಯೊಬ್ಬಳು ಆ ಗುದ್ದಿಗೆ ಸಿಗಲೇ ಇಲ್ಲ. ಮುಟ್ಟಿದಳು, ಸರಿದಳು, ಮತ್ತೆ ಮುಟ್ಟಿದಳು, ಅಂಕದ ಮೇಲೆ ಗೆದ್ದುಕೊಂಡು ಹೋದಳು. ಈಗ ಅದೇ ಹುಡುಗಿಯ ಜೊತೆ ಮತ್ತೆ ಪಂದ್ಯ ಬಿದ್ದಿತ್ತು. ಗೆದ್ದವಳಿಗೆ ರಾಜ್ಯದ ತಂಡದಲ್ಲಿ ಜಾಗ. ಸೋತವಳು ಮನೆಗೆ.

ನಂಜರಾಜ ಮೇಷ್ಟ್ರು ಬಂದು ಅವಳ ಪಕ್ಕ ಕೂತರು.

"ಬದಲಿಸಿಕೊಂಡು ಏನು ಮಾಡಬೇಕು ಅಂತಿದ್ದೀಯಮ್ಮ?"

"ನಾನೂ ಅವಳ ಹಾಗೆ ಮುಟ್ಟಿ ಸರಿಯೋದು ಕಲಿಯೋಣ ಅಂತ."

"ಅವಳು ಎಷ್ಟು ವರ್ಷದಿಂದ ಸರೀತಿದ್ದಾಳೋ."

ಮೇನಕಾ ಪಟ್ಟಿಯ ಇನ್ನೊಂದು ಸುತ್ತು ಬಿಚ್ಚಿದಳು.

"ಪಟ್ಟಿ ಆಮೇಲೆ ಬಿಚ್ಚುವಿಯಂತೆ. ಒಂದು ಕತೆ ಕೇಳು," ಎಂದು ಮೇಷ್ಟ್ರು ಶುರುಮಾಡಿದರು.

ಒಂದು ಊರಿನಲ್ಲಿ ಇಬ್ಬರು ಜಟ್ಟಿಗಳಿದ್ದರು. ಒಬ್ಬನದು ಭಾರದ ಕೈ. ಇನ್ನೊಬ್ಬನದು ಹಗುರ ಕೈ.

ಆ ಊರಿನಲ್ಲಿ ವರ್ಷಕ್ಕೊಮ್ಮೆ ವಜ್ರಮುಷ್ಟಿಯ ಕಾಳಗ ನಡೆಯುತ್ತಿತ್ತು. ಜಟ್ಟಿಗಳು ತಲೆ ಬೋಳಿಸಿಕೊಂಡು, ಕೊಂಬಿನಲ್ಲಿ ಮಾಡಿದ ಮೊನೆಗಳುಳ್ಳ ಮುಷ್ಟಿಯನ್ನು ಬಲಗೈ ಬೆರಳುಗಳಿಗೆ ತೊಟ್ಟು ಎದುರುಬದುರು ನಿಲ್ಲುತ್ತಿದ್ದರು. ಯಾರ ತಲೆಯಿಂದ ಮೊದಲು ಒಂದು ತೊಟ್ಟು ರಕ್ತ ಬಂತೋ ಅವನು ಸೋತ. ಅಲ್ಲಿಗೆ ಕಾಳಗ ಮುಗಿಯಿತು. ಒಂದೇ ತೊಟ್ಟು ಸಾಕು. ಅದು ದೊಡ್ಡ ಹೊಡೆತದಿಂದ ಬಂದರೂ ಅಷ್ಟೇ, ಗೀರಿನಿಂದ ಬಂದರೂ ಅಷ್ಟೇ.

ಇನ್ನೊಂದು ಕಟ್ಟಳೆಯೂ ಇತ್ತು. ಒಬ್ಬನೇ ಎದುರಾಳಿಗೆ ಮೇಲಿಂದ ಮೇಲೆ ಎರಡು ಸಲ ಸೋತ ಜಟ್ಟಿ ತನ್ನ ಮನೆಯ ಮುಷ್ಟಿಯನ್ನು ದೇವಿಯ ಗುಡಿಗೆ ಒಪ್ಪಿಸಿಬಿಡಬೇಕು. ಆಮೇಲೆ ಆ ಮನೆಯ ಮಕ್ಕಳು ಮೊಮ್ಮಕ್ಕಳು ಯಾರೂ ಕಣಕ್ಕೆ ಇಳಿಯುವಂತಿಲ್ಲ.

ಒಂದು ವರ್ಷ ಈ ಇಬ್ಬರಿಗೂ ಜೋಡಿ ಬಿತ್ತು. ಜನ ಬುತ್ತಿ ಕಟ್ಟಿಕೊಂಡು ಬಂದಿದ್ದರು. ಭಾರದ ಕೈಯವನು ಹೊಡೆಯುವುದನ್ನು ನೋಡಬೇಕೆಂದು ಪಕ್ಕದ ಹಳ್ಳಿಗಳಿಂದಲೂ ಬಂದಿದ್ದರು. ಅವನು ಮೊಣಕೈ ಹಿಂದಕ್ಕೆಳೆದ. ಅಷ್ಟರಲ್ಲಿ ಹಗುರ ಕೈಯವನ ಮುಷ್ಟಿ ಬಂದು ಅವನ ಹಣೆಗೆ ತಾಗಿ ಹೋಯಿತು. ಒಂದು ತೊಟ್ಟು ರಕ್ತ ಹುಬ್ಬಿನ ಮೇಲೆ ಬಂದು ನಿಂತಿತು. ಜನ ಇನ್ನೂ ಬುತ್ತಿ ಬಿಚ್ಚಿರಲಿಲ್ಲ.

ಗೆದ್ದವನಿಗೆ ಪೇಟ ಸುತ್ತಿದರು. ಆದರೆ ಜನಕ್ಕೆ ಸಮಾಧಾನವಾಗಲಿಲ್ಲ. ಅಷ್ಟು ದೂರ ನಡೆದು ಬಂದದ್ದು ಇದಕ್ಕೇನು ಎಂದರು. ಯಾರೋ ಒಬ್ಬ, "ಇದೇನು ಕಾಳಗವೋ, ಬೆಕ್ಕು ಪರಚಿದ್ದೋ," ಎಂದ. ಅವತ್ತಿನಿಂದ ಗೆದ್ದ ಜಟ್ಟಿಗೆ ಪರಚಪ್ಪ ಎಂಬ ಹೆಸರು ನಿಂತಿತು.

ಮೇನಕಾಳಿಗೆ ನಗು ಬಂತು. ಮೇಷ್ಟ್ರು ನಗಲಿಲ್ಲ.

ಸೋತವನು ಮನೆಗೆ ಹೋದ. ಹೆಂಡತಿ ಅವನ ಹಣೆಗೆ ಅರಿಸಿನ ಹಚ್ಚುತ್ತ ಗಾಯವನ್ನು ಹತ್ತಿರದಿಂದ ನೋಡಿದಳು.

"ಇಷ್ಟಕ್ಕೇನಾ?"

"ಇಷ್ಟಕ್ಕೇ."

"ಅವನ ಕೈ ಬಂದದ್ದು ಕಾಣಲಿಲ್ವಾ?"

"ನಾನು ಹೊಡೆಯೋಕೆ ಹೊರಟಿದ್ದೆ."

"ಅದು ಎಲ್ಲರಿಗೂ ಗೊತ್ತಾಯ್ತು ಬಿಡಿ. ಹೊಡೆಯೋ ಮುಂಚೆ ಮೂಗಲ್ಲಿ ಉಸಿರು ಎಳೀತೀರಲ್ಲ, ಹೆಂಗಸರು ಕೂತಿದ್ದ ಜಗಲಿವರೆಗೂ ಕೇಳಿಸ್ತು. ಎದುರಿಗಿದ್ದವನಿಗೆ ಕೇಳಿಸದೆ ಇರುತ್ತಾ?"

ಅವನಿಗೆ ಸಿಟ್ಟು ಬಂತು. ಆ ಹೊತ್ತು ಊಟ ಮಾಡಲಿಲ್ಲ. ಮರುದಿನ ಗರಡಿಗೆ ಹೋದ. ಅಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. ನಿನ್ನ ಕೈ ಭಾರ ಜಾಸ್ತಿಯಾಯಿತು ಕಣಯ್ಯ, ನೀನೂ ಹಗುರ ಕೈ ಕಲಿತುಕೊ ಎಂದರು. ಅವನು ಕಲಿಯಲು ನೋಡಿದ. ಆನೆ ಸೂಜಿಗೆ ದಾರ ಪೋಣಿಸಲು ಕೂತ ಹಾಗಾಯಿತು. ಗೀರಲು ಹೋದರೆ ಕೈ ಮುಟ್ಟುವ ಮೊದಲೇ ನಿಲ್ಲುತ್ತಿತ್ತು. ನಿಲ್ಲದಿದ್ದರೆ ಗುದ್ದಾಗುತ್ತಿತ್ತು. ಗರಡಿಯ ಹುಡುಗರು ಮುಖ ತಿರುಗಿಸಿಕೊಂಡು ನಕ್ಕರು.

ಅವನು ಗರಡಿ ಬಿಟ್ಟು ಮನೆಗೆ ಬಂದು ಹಿತ್ತಲಿನ ಹುಣಸೆಕೊಂಬೆಗೆ ಒಂದು ಮಡಕೆ ಕಟ್ಟಿದ. ಹೆಂಡತಿಯನ್ನು ಕರೆದು, "ಬೆನ್ನು ಮಾಡಿ ಕೂತುಕೊ. ನನ್ನ ಉಸಿರು ಕೇಳಿಸಿದರೆ ಹೇಳು," ಎಂದ.

ಅವಳು ಮೊರ ತಂದು, ಬೆನ್ನು ಮಾಡಿ ಕೂತು ಅಕ್ಕಿ ಆರಿಸತೊಡಗಿದಳು. ಅವನು ಮೊಣಕೈ ಎಳೆದ.

"ಕೇಳಿಸ್ತು," ಎಂದಳು.

ಅವನು ಹೊಡೆಯದೆ ಕೈ ಇಳಿಸಿದ. ಮತ್ತೆ ಎಳೆದ.

"ಕೇಳಿಸ್ತು."

ದಿನವೂ ಇದೇ. ಮಳೆಗಾಲ ಬಂತು, ಹೋಯಿತು. ಅವಳು ಅಕ್ಕಿ ಆರಿಸಿದಳು, ಅವರೆಕಾಯಿ ಬಿಡಿಸಿದಳು, ಕೂಸಿಗೆ ಕುಲಾವಿ ಹೊಲಿದಳು. ಕೆಲಸ ಬದಲಾಗುತ್ತಿತ್ತು, ಮಾತು ಬದಲಾಗುತ್ತಿರಲಿಲ್ಲ. ಕೆಲವು ಸಲ ಅವನು, "ನಾನು ಈಗ ಉಸಿರೇ ಎಳೆದಿಲ್ಲವಲ್ಲೇ," ಎಂದು ಜಗಳಕ್ಕೆ ಬರುತ್ತಿದ್ದ. ಅವಳು ತಿರುಗಿ ನೋಡದೆ, "ಹಾಗಾದರೆ ಪಕ್ಕದ ಮನೆ ಎತ್ತು ಎಳೀತೇನೋ," ಎನ್ನುತ್ತಿದ್ದಳು.

ಒಂದು ಬೆಳಗ್ಗೆ ಹಿತ್ತಲಿನಲ್ಲಿ ಸದ್ದಾಯಿತು. ಅವಳು ಬೆಚ್ಚಿ ತಿರುಗಿದಳು. "ಏನದು, ಮಡಕೆ ಒಡೀತಾ?" ಎಂದಳು. ಅವನು ಚೂರುಗಳ ಮುಂದೆ ನಿಂತಿದ್ದ. ಅವಳಿಗೆ ಉಸಿರು ಕೇಳಿಸಿರಲೇ ಇಲ್ಲ.

ಇತ್ತ ಗೆದ್ದವನ ಮನೆಯಲ್ಲಿ ಆ ವರ್ಷ ನೆಮ್ಮದಿ ಇರಲಿಲ್ಲ. ಅವನು ಬೀದಿಗೆ ಬಂದರೆ ಮಕ್ಕಳು ಮಿಯಾಂವ್ ಎನ್ನುತ್ತಿದ್ದರು. ಸಂತೆಯಲ್ಲಿ ಬದನೆಕಾಯಿ ಮುಟ್ಟಿ ನೋಡಿದರೆ, ಮಾರುವವಳು, "ಮೆಲ್ಲಗೆ ಪರಚಪ್ಪನವರೇ, ಸಿಪ್ಪೆ ಸುಲಿದೀತು," ಎನ್ನುತ್ತಿದ್ದಳು. ಅವನು ಮೊದಮೊದಲು ನಕ್ಕ. ಆಮೇಲೆ ನಗಲಿಲ್ಲ. ಬರುವ ವರ್ಷ ಒಂದೇ ಏಟಿಗೆ ಕೆಡವುತ್ತೇನೆ, ಆಗ ಯಾವ ಬಾಯಿ ಏನನ್ನುತ್ತದೋ ನೋಡೋಣ ಎಂದು ಹಟ ಹಿಡಿದ. ಕಲ್ಲುಗುಂಡು ಎತ್ತಿದ. ಬೆಣ್ಣೆ ತಿಂದ. ಹೆಗಲು ದಪ್ಪವಾಯಿತು, ಕತ್ತು ದಪ್ಪವಾಯಿತು. ಕೈಯೂ ಭಾರವಾಯಿತು.

ಮತ್ತೆ ಕಾಳಗದ ದಿನ ಬಂತು. ಜನ ಈ ಸಲ ಮನೆಯಲ್ಲೇ ಉಂಡು ಬಂದಿದ್ದರು.

ಭಾರದ ಕೈಯವನು ಕಣದಲ್ಲಿ ನಿಂತ. ಈ ಸಲ ಸೋತರೆ ಮುಷ್ಟಿ ಗುಡಿಗೆ. ಅವನ ಕೂಸು ಹೆಂಗಸರ ಜಗಲಿಯ ಮೇಲೆ ತಾಯಿಯ ತೊಡೆಯಲ್ಲಿತ್ತು. ಅವನು ಆ ಕಡೆ ನೋಡಲಿಲ್ಲ. ಎದುರಿನವನ ಕಾಲುಗಳನ್ನು ನೋಡಿದ. ಆ ಕಾಲುಗಳು ಹಿಂದಿನ ಸಲದಂತೆಯೇ ಪಕ್ಕಕ್ಕೆ ಸರಿಯಲು ಹೊರಟವು. ಅಷ್ಟರಲ್ಲಿ ಜನರ ನಡುವಿನಿಂದ ಯಾರೋ, "ಪರಚಪ್ಪ, ಉಗುರು ಕತ್ತರಿಸಿಕೊಂಡು ಬಂದೆಯಾ," ಎಂದು ಕೂಗಿದರು. ಕಾಲುಗಳು ನಿಂತವು. ಹಗುರ ಕೈಯವನು ನೆಲಕ್ಕೆ ಹೆಜ್ಜೆ ಊರಿ, ಮೊಣಕೈ ಹಿಂದಕ್ಕೆಳೆದು, ಮೂಗಿನ ತುಂಬ ಉಸಿರು ಎಳೆದುಕೊಂಡ.

ಭಾರದ ಕೈಯವನಿಗೆ ಅದು ಕೇಳಿಸಿತು. ವರ್ಷವೆಲ್ಲ ತನ್ನಲ್ಲಿ ಹುಡುಕಿದ ಸದ್ದು ಅದು. ಅವನ ಕೈ ಸದ್ದಿಲ್ಲದೆ ಹೊರಟಿತು. ಯಾವಾಗಲೂ ಹೊಡೆಯುತ್ತಿದ್ದ ಅದೇ ಹೊಡೆತ. ಎದುರಿನವನು ಮರಳಿನ ಮೇಲೆ ಕೂತುಬಿಟ್ಟ. ತೊಟ್ಟಲ್ಲ, ಕಿವಿಯವರೆಗೆ ಧಾರೆ ಇಳಿಯಿತು.

ಜನ ಕೇಕೆ ಹಾಕಿದರು. ನೋಡಿದಿರಾ, ಆಟ ಬದಲಿಸಿದ, ಗೆದ್ದ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ನಾವು ಹೇಳಿದ್ದಕ್ಕೇ ಬದಲಿಸಿದ್ದು ಎಂದು ಗರಡಿಯವರು ಎದೆ ತಟ್ಟಿಕೊಂಡರು.

ಗೆದ್ದವನು ಕೈ ಕೊಟ್ಟು ಸೋತವನನ್ನು ಎಬ್ಬಿಸಿದ.

"ಯಾರ ಹತ್ತಿರ ಕಲಿತೆ ಅಣ್ಣ, ಈ ಹೊಸ ಕೈಯ?" ಎಂದು ಸೋತವನು ಕೇಳಿದ.

"ಕೈ ಹಳೇದೇ ಕಣಪ್ಪ. ನಿನ್ನ ಹಳೇ ಕೈ ಎಲ್ಲಿ ಹೋಯ್ತು? ನಾನು ವರ್ಷವೆಲ್ಲ ಅದಕ್ಕೇ ಹೆದರಿಕೊಂಡಿದ್ದೆ."

ಸೋತವನು ಮೈಮೇಲಿನ ಮರಳು ಕೊಡವಿಕೊಳ್ಳುತ್ತ ಜನರ ಕಡೆ ನೋಡಿದ. ಅವರು ಆಗಲೇ ಗೆದ್ದವನಿಗೆ ಒಂದು ಹೊಸ ಹೆಸರು ಹುಡುಕುತ್ತಿದ್ದರು.

ಮೇಷ್ಟ್ರು ಅಲ್ಲಿಗೆ ನಿಲ್ಲಿಸಿದರು.

ಮೇನಕಾಳ ಮುಖ ಅರಳಿತ್ತು. ಕತೆ ತನಗೆ ಸಿಕ್ಕಿತು ಅನ್ನಿಸಿತ್ತು ಅವಳಿಗೆ. "ಹಾಗಾದರೆ ಬದಲಾಗಬಹುದು ಅಂತಾಯ್ತಲ್ಲ ಮೇಷ್ಟ್ರೇ. ಅವನು ಬದಲಾದ, ಗೆದ್ದ."

"ಸೋತವನೂ ಬದಲಾಗಿದ್ದನಲ್ಲಮ್ಮ."

ಅವಳ ಯೋಚನೆ ಒಬ್ಬನಿಂದ ಇನ್ನೊಬ್ಬನ ಕಡೆಗೆ ಹೋಯಿತು, ಮತ್ತೆ ವಾಪಸು ಬಂತು. ಕೊನೆಗೆ ಮೆಲ್ಲಗೆ, "ಮತ್ತೆ ನಾನು ಯಾರ ಹಾಗೆ ಮಾಡಬೇಕು?" ಎಂದು ಕೇಳಿದಳು.

ಮೇಷ್ಟ್ರು ಎದ್ದು ನಿಂತರು.

"ನಿನಗೆ ಬದಲಾಗು ಅಂದದ್ದು ಸೋಲೋ, ಸೋಲು ನೋಡಿದವರೋ?"

ಮೇನಕಾ ಬಿಚ್ಚಿದ್ದ ಪಟ್ಟಿಯನ್ನು ಮತ್ತೆ ಬಲಗೈಗೆ ಸುತ್ತಿಕೊಳ್ಳುತ್ತ, "ನನ್ನ ಉಸಿರು ಕೇಳಿಸಿದರೆ ಹೇಳಿ ಮೇಷ್ಟ್ರೇ," ಎಂದಳು.